ಕಳೆದ ಮಕ್ಕಳ ಮೈಕು

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ದಿನ ಪ್ರಾರ್ಥನೆಗೆಂದು ಹಳೆಯ ಆಂಪ್ಲಿಫೈಯರ್ ಹಚ್ಚಿದೆ. ದನಿಗಿಂತ ಮೊದಲು ವಾಸನೆ ಬಂತು. ರಜೆಯುದ್ದಕ್ಕೂ ಒಳಗೆ ಕೂತಿದ್ದ ಧೂಳು ಬಿಸಿಯಾಗಿ ಸುಡುವ ವಾಸನೆ. ಮಕ್ಕಳು ಮೂಗು ಮುಚ್ಚಿಕೊಂಡು ಕಿಸಕಿಸ ನಕ್ಕರು. ನಾನು ಮಾತ್ರ ಸಾಲಿನಲ್ಲಿ ನಿಂತ ಮಕ್ಕಳನ್ನು ಎಣಿಸತೊಡಗಿದೆ. ಆ ಆಂಪ್ಲಿಫೈಯರ್ ನಮ್ಮ ಪಕ್ಕದ ಮನೆಯ ಮೈಕ್ ಕಾಕಾ ಅವರದು. ಅವರು ಹೋದ ಮೇಲೆ ಅವರ ಹೆಂಡತಿ ಚಾಚಿ ಅದನ್ನು ಮೈಕು, ಹಾರ್ನ್ ಸಮೇತ ನಮ್ಮ ಶಾಲೆಗೆ ಕೊಟ್ಟರು. ಆ ವಾಸನೆ ಬಂದಾಗಲೆಲ್ಲ ನನಗೆ ನಾಲೆಯ ನೀರಿನ ಸಪ್ಪಳವೂ ಕೇಳಿಸುತ್ತದೆ...

ನಾನು ಹುಟ್ಟಾ ಅಂಜುಬುರುಕಿ. ಕರೆಂಟಿಗೆ ಅಂಜುತ್ತೇನೆ, ಹಲ್ಲಿಗೆ ಅಂಜುತ್ತೇನೆ, ತುಂಬಿ ಹರಿಯುವ ನಾಲೆಯನ್ನಂತೂ ಬಸ್ಸಿನ ಕಿಟಕಿಯಿಂದ ಕಂಡರೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಸಿಂಧನೂರಿನಲ್ಲಿ ಇದ್ದುಕೊಂಡು ನಾಲೆಗೆ ಅಂಜುವುದೆಂದರೆ ಸುಮ್ಮನೆ ಅಲ್ಲ, ಊರಿನ ಅನ್ನವೆಲ್ಲ ಅದರಿಂದಲೇ. ಇಂಥವಳನ್ನು, ಕನ್ನಡ ಟೀಚರ್ ಎಂಬ ಒಂದೇ ಕಾರಣಕ್ಕೆ, ಊರಿನ ಪ್ರತಿ ಸಮಾರಂಭಕ್ಕೂ ನಿರೂಪಣೆಗೆ ಎಳೆದುಕೊಂಡು ಹೋಗುತ್ತಿದ್ದರು. ಹೋದಲ್ಲೆಲ್ಲ ಕಾಕಾ ಅವರದೇ ಸೌಂಡ್ ಸೆಟ್. ಮೈಕ್ ಶಾಕ್ ಹೊಡೆದೀತೆಂಬ ನನ್ನ ಹೆದರಿಕೆ ಅವರಿಗೆ ಗೊತ್ತು. ಮೊದಲು ತಾವು ಬರಿಗಾಲಲ್ಲಿ ನಿಂತು, ಮೈಕನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ತೋರಿಸುತ್ತಿದ್ದರು.

"ನೋಡ್ರಿ ಟೀಚರಮ್ಮಾ, ನಾ ಹಿಡದೀನಿ, ಇನ್ನಾ ಸತ್ತಿಲ್ಲ. ಈಗ ನೀವು ಹಿಡೀರಿ."

ನನ್ನನ್ನು ಇಷ್ಟು ಕಾಡಿಸುವ ಮನುಷ್ಯ ತಾವೂ ಅಂಜುಬುರುಕರೇ ಎಂದು ನನಗೆ ಗೊತ್ತಾದದ್ದು ತಡವಾಗಿ. ಹಿಂದೆಂದೋ ಮಸ್ಕಿಯ ಒಂದು ಸಭೆಯಲ್ಲಿ ಟ್ರ್ಯಾಕ್ಟರಿನ ಗಾಲಿ ಹಾಯ್ದು ಅವರ ವೈರ್ ತುಂಡಾಗಿತ್ತಂತೆ. ಏನಾಯಿತೆಂದು ತಿಳಿಯದೆ ಜನ ಎದ್ದು ಓಡತೊಡಗಿದರು. ಕೂಡ್ರಿ ಎಂದು ಹೇಳಬೇಕಾದ ಮೈಕು ಅವರ ಕೈಯಲ್ಲೇ ಇತ್ತು, ಆದರೆ ಅದರಲ್ಲಿ ಜೀವವಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಹೊತ್ತಿನ ಅಂಜಿಕೆ ಅವರ ಮೈಯಿಂದ ಇಳಿಯಲೇ ಇಲ್ಲ. ಅಂದಿನಿಂದ ಒಂದು ಮೈಕನ್ನು ಅವರು, ಎಲ್ಲ ಮೈಕುಗಳ ದನಿ ಕೂಡಿಸುವ ಮಿಕ್ಸರಿಗೆ ಸೇರಿಸುತ್ತಲೇ ಇರಲಿಲ್ಲ. ಅದಕ್ಕೆ ಈ ಸಣ್ಣ ಆಂಪ್ಲಿಫೈಯರ್, ಬೇರೆಯದೇ ಬ್ಯಾಟರಿ, ಗಿಡಕ್ಕೆ ಕಟ್ಟಿದ ಎರಡು ತಗಡಿನ ಹಾರ್ನ್ ಸ್ಪೀಕರು. ಕೆಂಪು ಕರವಸ್ತ್ರ ಸುತ್ತಿದ ಆ ಮೈಕಿಗೆ ಅವರು ಇಟ್ಟ ಹೆಸರು ಕಳೆದ ಮಕ್ಕಳ ಮೈಕು. ಜನಜಂಗುಳಿಯಲ್ಲಿ ಯಾವುದಾದರೂ ಕೂಸು ತಪ್ಪಿಸಿಕೊಂಡರೆ ಅದರಲ್ಲೇ ಕೂಗುತ್ತಿದ್ದರು.

ಆಮೇಲೆ ಡಿಜಿಟಲ್ ಮಿಕ್ಸರ್ ಬಂತು. ಹುಬ್ಬಳ್ಳಿಯ ಕಡೆಯ ಯಾರೋ ಬಳಸಿ ಬಿಟ್ಟದ್ದು. ಮದುಮಗಳನ್ನು ಮನೆ ತುಂಬಿಸಿಕೊಂಡಂತೆ ಕಾಕಾ ಅದನ್ನು ಒಳಗೆ ತಂದರು. ನೋಡಲು ನಾನೂ ಮಗಳನ್ನು ಎತ್ತಿಕೊಂಡು ಹೋಗಿದ್ದೆ. ಮೊದಲಿನ ಮಿಕ್ಸರಿನಂತೆ ಸಾಲುಸಾಲು ತಿರುಗಿಸುವ ಗುಂಡಿಗಳಿರಲಿಲ್ಲ. ನಡುವೆ ಒಂದು ಪರದೆ, ಕೆಳಗೆ ದನಿ ಏರಿಸಿ ಇಳಿಸುವ ಕೆಲವೇ ಕೆಲವು ಹಿಡಿಕೆಗಳು. ಒಂದು ಬಟನ್ ಒತ್ತಿದರೆ ಅದೇ ಹಿಡಿಕೆಗಳು ಬೇರೆ ಮೈಕುಗಳವಾಗುತ್ತಿದ್ದವು. ಹಾಗೆ ಬದಲಾಗುವಾಗ ಅವು ಯಾರೂ ಮುಟ್ಟದೆ ತಾವೇ ಸರಸರನೆ ಮೇಲೆ ಕೆಳಗೆ ಓಡಾಡಿದವು. ನಾನು ಚಿಟ್ಟನೆ ಚೀರಿದೆ. ಮಗಳು ಚಪ್ಪಾಳೆ ತಟ್ಟಿದಳು.

"ಈ ಗುಡಿಯಾನ ಧೈರ್ಯ ಅವರವ್ವಗ ಇಲ್ಲ ನೋಡು" ಎಂದು ಕಾಕಾ ನಕ್ಕರು. ನನ್ನ ಮಗಳು ಅವರ ಬಾಯಲ್ಲಿ ಯಾವಾಗಲೂ ಗುಡಿಯಾ, ಅಂದರೆ ಗೊಂಬೆ. ಅವಳ ಸಂಜೆಗಳೆಲ್ಲ ಅವರ ವೈರಿನ ಸಿಂಬೆಗಳ ಮೇಲೆ ಕೂತೇ ಕಳೆಯುತ್ತಿದ್ದವು. ನಕ್ಕು ಮುಗಿದ ಮೇಲೆ ಅವರು ದನಿ ಇಳಿಸಿ ಹೇಳಿದರು: "ಮೊದಲಿನದ್ರಾಗ ಒಂದು ಗುಂಡಿ ಕೆಟ್ರ ಒಂದು ಮೈಕ್ ಸಾಯ್ತಿತ್ತು. ಇದು ಕೆಟ್ರ ಎಲ್ಲಾ ಒಮ್ಮಿಗೇ ಸಾಯ್ತಾವ. ಬಾಳ ಶಾಣ್ಯಾ ಐತಿ ಇದು. ಶಾಣ್ಯಾರನ್ನ ಕಂಡ್ರ ನನಗ ಅಂಜಿಕಿ."

ಅಂಜುತ್ತಲೇ ಅದನ್ನು ಮುದ್ದು ಮಾಡಿದರು. ಲಿಂಗಸುಗೂರಿಗೆ ಒಯ್ಯಲಿ, ಮಸ್ಕಿಗೆ ಒಯ್ಯಲಿ, ಕೂಸಿಗೆ ಹೊದಿಸಿದ ಹಾಗೆ ರಜಾಯಿ ಹೊದಿಸಿ ಒಯ್ಯುತ್ತಿದ್ದರು. ನಮ್ಮ ಕಡೆಯ ಎರೆಮಣ್ಣಿನ ಧೂಳು ಒಳಗೆ ಹೊಕ್ಕೀತೆಂದು ಅದರ ಹಿಂಬದಿಯ ಸಂದುಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿ, ಮೇಲೊಂದು ಹಸಿರು ಮಖಮಲ್ಲಿನ ಹೊದಿಕೆ ಹೊಲಿಸಿದರು. ಧೂಳು ಹೋಗದ ದಾರಿಯಲ್ಲಿ ಗಾಳಿಯೂ ಹೋಗುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಚಳಿಗಾಲವೆಲ್ಲ ಅದು ಚೆನ್ನಾಗಿಯೇ ನಡೆಯಿತು.

ಆ ವರ್ಷದ ಸಾಮೂಹಿಕ ಮದುವೆ ನಡೆದದ್ದು ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ, ಗೊರೇಬಾಳದ ಕಡೆಯ ಬಯಲಿನಲ್ಲಿ. ವೇದಿಕೆಯ ಹಿಂದೆ ಬೇವಿನ ಗಿಡಗಳು, ಅವುಗಳ ಆಚೆ ನಾಲೆ. ಎರಡನೇ ಬೆಳೆಗೆ ನೀರು ಬಿಟ್ಟಿದ್ದರು, ದಂಡೆಗೆ ದಂಡೆ ತುಂಬಿ ಹರಿಯುತ್ತಿತ್ತು. ತಗಡಿನ ಹಾರ್ನ್ ಫೋಟೋದಲ್ಲಿ ಅಸಹ್ಯ ಕಾಣುತ್ತದೆ, ಬಿಚ್ಚಿರಿ ಎಂದು ಸಂಘಟಕರು ಜಗಳಕ್ಕೇ ಬಂದರು. ಕಾಕಾ ಬಿಚ್ಚಲಿಲ್ಲ. ಯಾರಿಗೂ ಕಾಣದಂತೆ ವೇದಿಕೆಯ ಹಿಂದಿನ ಬೇವಿಗೆ, ನಾಲೆಯ ಕಡೆ ಮುಖ ಮಾಡಿ ಕಟ್ಟಿದರು. ಆ ಕಡೆ ಕೇಳುವವರು ಯಾರಿದ್ದಾರೆ ಎಂದು ನಾನೂ ಚೇಷ್ಟೆ ಮಾಡಿದೆ.

ಮಧ್ಯಾಹ್ನ ನಾನು ವೇದಿಕೆಯ ಮೇಲೆ ಮದುಮಕ್ಕಳ ಹೆಸರು ಓದುತ್ತಿದ್ದೆ. ವಳಕಮದಿನ್ನಿಯ ಜೋಡಿ ಮುಗಿದು ಮುಕ್ಕುಂದದ ಜೋಡಿಯ ಹೆಸರು ಅರ್ಧ ಹೇಳಿದ್ದೆ, ನನ್ನ ದನಿ ನನಗೇ ಕೇಳದಂತಾಯಿತು. ಮೈಕ್ ಬಡಿದೆ. ಇಲ್ಲ. ಶಹನಾಯಿಯ ಮೈಕೂ ಇಲ್ಲ, ಪುರೋಹಿತರದೂ ಇಲ್ಲ. ವೇದಿಕೆಯ ಪಕ್ಕದ ಮೇಜಿನ ಹತ್ತಿರ ಕಾಕಾ ಪರದೆಯನ್ನು ಒತ್ತುತ್ತಿದ್ದರು. ಅದು ಫೋಟೋದ ಹಾಗೆ ನಿಂತುಬಿಟ್ಟಿತ್ತು. ಆರಿಸಿ ಹಚ್ಚಿದರು. ಪರದೆಯ ಮೇಲೆ ಒಂದು ಗೆರೆ ನಿಧಾನ ತೆವಳುತ್ತಾ ಬಂದು ಅರ್ಧಕ್ಕೆ ನಿಂತಿತು. ಮತ್ತೆ ಆರಿಸಿದರು, ಮತ್ತೆ ಹಚ್ಚಿದರು, ಮತ್ತೆ ಅರ್ಧಕ್ಕೇ ನಿಂತಿತು. ಹೊದಿಕೆಯೊಳಗೆ ಕೈ ಹಾಕಿದವರು ಬೆಂಕಿ ಮುಟ್ಟಿದವರಂತೆ ಹಿಂದೆಗೆದುಕೊಂಡರು.

ಅಷ್ಟರಲ್ಲಿ ನಮ್ಮ ಅತ್ತೆ ಜನರನ್ನು ತಳ್ಳಿಕೊಂಡು ಬರುವುದು ಕಂಡಿತು. ಮಗಳನ್ನು ಅವರ ಹತ್ತಿರ ಕೂಡಿಸಿ ನಾನು ಮೇಲೆ ಹತ್ತಿದ್ದೆ. ಅವರ ಕೈ ಖಾಲಿ ಇತ್ತು.

"ಇಲ್ಲೇ ಕುಂತಿತ್ತವಾ ಕೂಸು... ನೀರು ಕುಡದು ಬರೋದ್ರಾಗ..."

ಮುಂದಿನದನ್ನು ನಾನು ಕೇಳಲಿಲ್ಲ. ಬೇವಿನ ಗಿಡಗಳ ಸಂದಿನಲ್ಲಿ ನೀರು ಹೊಳೆಯುತ್ತಿತ್ತು, ನನ್ನ ಕಣ್ಣು ಅಲ್ಲಿಗೇ ಹೋಯಿತು. ಮಗಳ ಹೆಸರನ್ನು ಮೈಕಿನಲ್ಲಿ ಕೂಗಿದೆ. ಸತ್ತ ಮೈಕು ಎಂದು ಗೊತ್ತಿದ್ದೂ ಕೂಗಿದೆ, ಮತ್ತೆ ಕೂಗಿದೆ. ಬಾಯಿ ತೆರೆದು ಮುಚ್ಚುವ ನನ್ನನ್ನು ನೋಡಿ ಮುಂದಿನ ಸಾಲಿನವರು ನಗುತ್ತಿದ್ದರು. ಬ್ಯಾಂಡಿನವರು ಹೊತ್ತು ಕಳೆಯಲೆಂದು ಬಾರಿಸತೊಡಗಿದರು. ಅಂಥ ಹೆದರಿಕೆ ಶತ್ರುವಿಗೂ ಬೇಡ.

ಕಾಕಾ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಮೇಜಿನ ಕೆಳಗೆ ಬಗ್ಗಿ ಆಂಪ್ಲಿಫೈಯರ್ ಹಚ್ಚಿದರು. ಸುಟ್ಟ ಧೂಳಿನ ವಾಸನೆ ವೇದಿಕೆಯವರೆಗೂ ಬಂತು. ಕೆಂಪು ಕರವಸ್ತ್ರದ ಮೈಕ್ ಹಿಡಿದ ಅವರ ಕೈ ಗಡಗಡ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ದನಿ ಮಾತ್ರ ನಡುಗಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂತು ಅವಳೊಡನೆ ಹರಟುವಾಗ ಇರುತ್ತಿತ್ತಲ್ಲ, ಅದೇ ದನಿ.

"ಗುಡಿಯಾ... ಏ ಗುಡಿಯಾ. ನಾ ಕಾಕಾ ಮಾತಾಡಾಕತ್ತೀನಿ. ಎಲ್ಲಿ ಅದೀ ಅಲ್ಲೇ ಕುಂದ್ರು. ಒಂದು ಹೆಜ್ಜಿನೂ ಇಡಬ್ಯಾಡ. ಕಾಕಾ ಬರಾಕತ್ತಾನ."

ಅಷ್ಟು ಹೇಳಿ ಮೈಕ್ ಅಲ್ಲೇ ಇಟ್ಟು ಓಡಿದರು. ನಾನೂ ಹಿಂದೆ ಓಡಿದೆ, ಬಿದ್ದೆ, ಎದ್ದು ಓಡಿದೆ.

ಬಟ್ಟೆ ಒಗೆಯುವ ಕಡೆ ನಾಲೆಗೆ ಇಳಿಯುವ ಮೆಟ್ಟಿಲುಗಳಿವೆ. ನೀರು ತಾಕುವ ಮೆಟ್ಟಿಲಿನ ಮೇಲೆ ಮಗಳು ಕೂತಿದ್ದಳು, ಅಂಗನವಾಡಿಯಲ್ಲಿ ಕೂಡಿಸಿದ ಹಾಗೆ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು. ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ನೀರಿನಲ್ಲಿ, ಕೈಗೆ ಸಿಕ್ಕೀತು ಅನ್ನುವಷ್ಟೇ ದೂರದ ಜೊಂಡಿಗೆ ಸಿಕ್ಕಿಕೊಂಡು ತಿರುಗುತ್ತಿತ್ತು.

"ಚಪ್ಪಲಿ ತೊಗೊಳ್ಳಾಕ ಹೊಂಟಿದ್ದೆ. ಕಾಕಾ ಕುಂದ್ರು ಅಂದ" ಅಂದಳು.

ನಾನು ಅವಳನ್ನು ಅಪ್ಪಿಕೊಂಡು ಎಷ್ಟು ಅತ್ತೆನೋ. ಪಕ್ಕದಲ್ಲಿ ಕಾಕಾ ಮೆಟ್ಟಿಲ ಮೇಲೆ ಕುಸಿದು ಕೂತು ಏದುಸಿರು ಬಿಡುತ್ತಿದ್ದರು. ಹುಡುಕಿರಿ ಎಂದು ಜನರಿಗೆ ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದೆ. "ಮಂದಿಗೆ ಹೇಳಿದ್ರ ಮಂದಿ ಓಡಿ ಬರ್ತಿತ್ತು ಟೀಚರಮ್ಮಾ. ಮಂದಿ ಓಡಿ ಬರೋದು ನೋಡಿ ಕೂಸು ಎತ್ತಾಗ ಓಡ್ತಿತ್ತೋ... ನನಗ ಅದೇ ಅಂಜಿಕಿ" ಅಂದರು.

ಮರುದಿನ ಅವರು ಮಿಕ್ಸರಿನ ಪ್ಲಾಸ್ಟಿಕ್ಕನ್ನೆಲ್ಲ ಕಿತ್ತು ಹಾಕಿದರು, ಮಖಮಲ್ಲಿನ ಹೊದಿಕೆಯ ಹಿಂಬದಿಯನ್ನು ಕತ್ತರಿಸಿದರು, ಒಂದು ಸಣ್ಣ ಫ್ಯಾನ್ ತಂದಿಟ್ಟರು. ಮುಂದೆ ಅದು ಎಂದೂ ನಿಲ್ಲಲಿಲ್ಲ. ಆದರೂ ಕಾಕಾ ಅದನ್ನು ನಂಬಿದ್ದನ್ನು ನಾನು ಕಾಣೆ.

ಹೋದ ವರ್ಷ ಒಂದು ಬೆಳಗ್ಗೆ ಮಸೀದಿಯ ಮೈಕಿನಲ್ಲಿ ಸಾವಿನ ಸುದ್ದಿ ಹೇಳಿದರು. ಕಾಕಾ ಅವರ ಹೆಸರು. ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅಷ್ಟೊತ್ತಿಗೆ ಹೈಸ್ಕೂಲು ಸೇರಿದ್ದ ಮಗಳು ಜಡೆ ಹೆಣೆದುಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು. ಹೆಸರು ಕೇಳಿದ್ದೇ ನಿಂತಲ್ಲೇ ಕೂತುಬಿಟ್ಟಳು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು. ಎಷ್ಟು ಕರೆದರೂ ಏಳಲಿಲ್ಲ. ನಾನೂ ಪಕ್ಕದಲ್ಲಿ ಕೂತೆ.

ಈ ಸಲದ ಶಾಲಾ ವಾರ್ಷಿಕೋತ್ಸವಕ್ಕೆ ಲಿಂಗಸುಗೂರಿನಿಂದ ಸೌಂಡಿನವನು ಬಂದಿದ್ದಾನೆ. ಅವನದು ಇನ್ನೂ ಹೊಸ ಡಿಜಿಟಲ್ ಮಿಕ್ಸರ್, ಮೊಬೈಲಿನಿಂದಲೇ ನಡೆಸುತ್ತಾನೆ. ಒಂದು ಮೈಕ್ ಬೇರೆ ಇರಲಿ ಎಂದು ನಾನು ಹಟ ಹಿಡಿದಿದ್ದೇನೆ. ಪಾಪ, ಒಳ್ಳೆಯ ಹುಡುಗ. ಮರು ಮಾತಾಡದೆ ಕಾಕಾ ಅವರ ಆಂಪ್ಲಿಫೈಯರಿಗೆ ಬ್ಯಾಟರಿ ಜೋಡಿಸಿದ, ಹಾರ್ನನ್ನು ಗೇಟಿನ ಕಡೆ ತಿರುಗಿಸಿ ಕಟ್ಟಿದ. ಮತ್ತೆ ಅದೇ ವಾಸನೆ ಬಂತು.

"ಎಲ್ಲಾ ರೆಡಿ ಐತ್ರಿ ಮೇಡಂ. ಇದರಾಗ ಮಾತಾಡೋರು ಯಾರ್ರೀ?" ಎಂದು ಕೆಂಪು ಕರವಸ್ತ್ರದ ಮೈಕನ್ನು ನನ್ನ ಮುಂದೆ ಚಾಚಿದ.

ನಾಲಿಗೆಯ ತುದಿಗೆ ಕಾಕಾ ಅವರ ಹೆಸರೇ ಬಂತು. ನುಂಗಿಕೊಂಡೆ.

"ನಾನು" ಅಂದೆ. ಮೈಕ್ ಆನ್ ಆಗಿಯೇ ಇತ್ತು. ಕೈ ನಡುಗಿದ್ದು ನನಗಷ್ಟೇ ಗೊತ್ತಾಯಿತು, ದನಿ ನಡುಗಿದ್ದು ಶಾಲೆಯ ಬಯಲಿಗೆಲ್ಲ ಕೇಳಿಸಿತು.