ಹಿಂದಿನಿಂದ ಕರೆದರೆ

ಗೋಡೆ ಗಡಿಯಾರದ ಸತ್ತ ಸೆಲ್ಲನ್ನು ಮೊಮ್ಮಗಳು ಮೊನ್ನೆ ಕಲ್ಲಿನಿಂದ ಜಜ್ಜಿದಳು. ಒಳಗಿನ ಕರಿಪುಡಿ ಬಂಡೆಯ ಮೇಲೆ ಚೆಲ್ಲಿತು. ತುಕ್ಕಿನ ಹಾಗೆ, ಒದ್ದೆ ಮಸಿಯ ಹಾಗೆ ಒಂದು ವಾಸನೆ ಮೂಗಿಗೆ ಬಡಿಯಿತು. ಅದು ನಮ್ಮಪ್ಪನ ವಾಸನೆ. ಸಂಡೂರು ಗುಡ್ಡದ ಮ್ಯಾಂಗನೀಸ್ ಗಣಿಯಲ್ಲಿ, ಕಲ್ಲು ಪುಡಿ ಮಾಡುವ ಶೆಡ್ಡಿನಲ್ಲಿ ಅವನ ಕೆಲಸ. ಸೆಲ್ಲಿಗೆ ತುಂಬುವುದೂ ಅದೇ ಪುಡಿಯಂತೆ. ಸಂಜೆ ಬಂದರೆ ಕಣ್ಣು, ಹಲ್ಲು ಬಿಟ್ಟು ಮಿಕ್ಕದ್ದೆಲ್ಲ ಕಪ್ಪು. ಅವ್ವ ಬಾಗಿಲಲ್ಲೇ ನಿಲ್ಲಿಸಿ ನೀರು ಸುರಿಯುತ್ತಿದ್ದಳು. ಕಪ್ಪು ನೀರು ಗಣಿಯವರು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳ ಗಟಾರದಲ್ಲಿ ಹರಿದು ಹೋಗುತ್ತಿತ್ತು. ಆ ಲೈನ್ ಮನೆಗಳು ಈಗ ಇಲ್ಲ. ನಿಮ್ಮಲ್ಲಿ ಯಾರಾದರೂ ಅಂಥಲ್ಲಿ ಬೆಳೆದಿದ್ದರೆ ಆ ನೀರು ಗೊತ್ತಿರುತ್ತದೆ. ಧೋತರದ ತುದಿಯಲ್ಲಿ ಅವನು ಒಂದು ಚಿಟಿಕೆ ಪುಡಿ ಕಟ್ಟಿಕೊಂಡು ಬರುತ್ತಿದ್ದ. ತೊಂಡೆ ಎಲೆಯ ರಸದಲ್ಲಿ ಕಲಸಿ ನನ್ನ ಮರದ ಪಾಟಿಗೆ ಬಳಿದರೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿತ್ತು. ನಾನು ಓದಿದ್ದು ಎರಡನೇ ಕ್ಲಾಸಿನ ತನಕ. ಬರುವ ನಾಲ್ಕು ಅಕ್ಷರ ಆ ಪುಡಿಯ ಮೇಲೆ ಕಲಿತದ್ದು.

ಮೊದಲು ಕೆಟ್ಟದ್ದು ಅವನ ಮುಖ. ನಗಿಸಿದರೂ ಬೈದರೂ ಗಿಲಾವು ಮಾಡಿದ ಗೋಡೆಯ ಹಾಗೆ ಇರುತ್ತಿತ್ತು. ಆಮೇಲೆ ಕಾಲು. ಹಿಮ್ಮಡಿ ನೆಲಕ್ಕೆ ಊರದೆ, ತುದಿಗಾಲಲ್ಲಿ, ಎದೆ ಮುಂದೆ ಮಾಡಿ ಹುಂಜದ ಹಾಗೆ ನಡೆಯತೊಡಗಿದ. ಕೊನೆಗೆ ನಗು ಬಂತು. ಉಣ್ಣುವಾಗ, ಬಚ್ಚಲಲ್ಲಿ, ಕಾರಣವಿಲ್ಲದೆ. ಅವ್ವನಿಗೆ ಇದು ಕುಡಿತವೆಂದು ಖಾತ್ರಿ. ದಿನಾ ಬಾಯಿ ಮೂಸುತ್ತಿದ್ದಳು, ವಾಸನೆ ಇರುತ್ತಿರಲಿಲ್ಲ. “ನಾರಲಾರದಂಥಾದ್ದು ಯಾವ ಅಂಗಡ್ಯಾಗ ಸಿಗತೈತಿ ಹೇಳು, ನಾನೂ ಒಂದೀಟು ಕುಡೀತೀನಿ,” ಎಂದು ಊದುಗೊಳವೆಯಲ್ಲಿ ಬಾರಿಸುತ್ತಿದ್ದಳು. ಏಟು ಬಿದ್ದಷ್ಟೂ ನಗುತ್ತಿದ್ದ. ನಕ್ಕಷ್ಟೂ ಬೀಳುತ್ತಿದ್ದವು.

ಲೈನಿನ ಮಕ್ಕಳು ಅವನಿಗೆ ಹುಂಜಪ್ಪ ಎಂದು ಹೆಸರಿಟ್ಟಿದ್ದರು. ನಡೆಯುವಾಗ ಹಿಂದಕ್ಕೆ ತಿರುಗಿದರೆ ಅವನು ಕಡಿದ ಮರದ ಹಾಗೆ ಬೀಳುತ್ತಿದ್ದ. ಅದನ್ನು ನಾವು ಕಂಡುಹಿಡಿದಿದ್ದೆವು. ಬೇರೆಯವರು ಕೂಗಿದರೆ ತಿರುಗುತ್ತಿರಲಿಲ್ಲ. ನಾನು ಅಪ್ಪಾ ಅಂದರೆ ತಿರುಗುತ್ತಿದ್ದ. ಒಂದು ಸಲ ಕರೆದರೆ ಆ ಮಕ್ಕಳಿಂದ ನನಗೊಂದು ಪೆಪ್ಪರಮೆಂಟು. ಕೆಂಪು ಬಣ್ಣದವು ರುಚಿ. ಬಿದ್ದವನು ನಗುತ್ತಿದ್ದನಲ್ಲ, ಅವನಿಗೂ ಇದು ಆಟವೇ ಅಂದುಕೊಂಡಿದ್ದೆ. ಒಂದು ದಿನ ಹಣೆ ಒಡೆಯಿತು. ರಕ್ತ ಇಳಿಯುತ್ತಿರುವಾಗ, ನಗುತ್ತಲೇ, ಬಿದ್ದಲ್ಲಿಂದ ಕೇಳಿದ: “ಯಾಕ ಕರದಿ ಮಗಳ? ಏನ್ ಬೇಕಾಗಿತ್ತು?”

ಏನಿಲ್ಲ ಅಂದೆ. ಬಾಯಲ್ಲಿ ಪೆಪ್ಪರಮೆಂಟಿತ್ತು.

ಅಜ್ಜಿ, ಅಂದರೆ ಅವನ ಹೆತ್ತತಾಯಿ, ಸತ್ತ ದಿನ ಅವನು ಹೆಣದ ಮುಂದೆ ಕೂತು ನಕ್ಕ. ಹೆಂಗಸರ ಅಳು ನಿಂತುಹೋಯಿತು. ಅವನ ಕಣ್ಣಲ್ಲಿ ನೀರು ಹರಿಯುತ್ತಿತ್ತು. ನಾನು ನೋಡಿದೆ, ಯಾರಿಗೂ ಹೇಳಲಿಲ್ಲ. ಅವ್ವನ ಅಣ್ಣ, ನನ್ನ ಮಾವ, ಕುತ್ತಿಗೆ ಹಿಡಿದು ಹೊರಗೆ ದಬ್ಬಿದ, ತಾಯಿಗೆ ಮಣ್ಣು ಹಾಕಲೂ ಬಿಡಲಿಲ್ಲ. ಅಜ್ಜಿಯ ದಿನಕರ್ಮ ಮುಗಿದ ಮೇಲೆ ಅವನನ್ನು ಕಂಪ್ಲಿಗೆ, ಅವನ ಅಕ್ಕನ ಮನೆಗೆ ಕಳಿಸುವುದೆಂದಾಯಿತು. ಅಲ್ಲಿ ಎಷ್ಟಾದರೂ ನಗಲಿ ಅಂದಳು ಅವ್ವ. ಅಲ್ಲೇ ಸತ್ತ.

ಬಹಳ ವರ್ಷದ ಮೇಲೆ ಅವ್ವನ ಕೈನಡುಕಕ್ಕೆ ಹೊಸಪೇಟೆಯಲ್ಲಿ ಡಾಕ್ಟರಿಗೆ ತೋರಿಸಿದೆ. ಮನೆಯಲ್ಲಿ ಮತ್ತೆ ಯಾರಿಗಾದರೂ ಇಂಥದ್ದು ಇತ್ತೇ ಎಂದು ಕೇಳಿದರು. ನಾನು ಎದ್ದು ಅಪ್ಪನ ನಡಿಗೆ ನಡೆದು ತೋರಿಸಿದೆ. ಅದು ನನಗೆ ಚೆನ್ನಾಗಿ ಬರುತ್ತದೆ. ಡಾಕ್ಟರು ನಗಲಿಲ್ಲ, ಎಲ್ಲಿ ದುಡಿಯುತ್ತಿದ್ದ ಎಂದರು. ಆ ಧೂಳು ಉಸಿರಿನಲ್ಲಿ ಹೋಗಿ ಮಿದುಳಿನಲ್ಲಿ ಕೂರುತ್ತದಂತೆ. ಮುಖ, ನಡಿಗೆ ಎಲ್ಲ ಕೆಡಿಸುತ್ತದಂತೆ. ನಗು ಅವನ ಕೈಯಲ್ಲಿರಲಿಲ್ಲವಂತೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅವ್ವ ಕೇಳಿದಳು: “ಹಂಗಾರ ನಾ ಹೊಡದದ್ದು?”

ಬಸ್ಸು ಬಂತು ಏಳು ಅಂದೆ.

ಅಪ್ಪ ಮನೆ ಬಿಟ್ಟ ದಿನ ಮಾವ ಬಟ್ಟೆಗಂಟು ಹಿಡಿದು ಮುಂದೆ, ಅವನು ತುದಿಗಾಲಲ್ಲಿ ಹಿಂದೆ. ನಾನು ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಹೋಗುವವರನ್ನು ಹಿಂದಿನಿಂದ ಕರೆಯಬಾರದು, ಅಪಶಕುನ ಅಂದಳು ಅವ್ವ. ನಾನು ಬಾಯಿ ಮುಚ್ಚಿದ್ದು ಶಕುನಕ್ಕಲ್ಲ. ಕರೆದರೆ ತಿರುಗುತ್ತಾನೆ, ತಿರುಗಿದರೆ ಬೀಳುತ್ತಾನೆ. ಪೆಪ್ಪರಮೆಂಟಿಲ್ಲದೆ ಅವನನ್ನು ಕರೆಯಬೇಕು ಅನ್ನಿಸಿದ್ದು ಅದೊಂದೇ ಸಲ. ಲೈನಿನ ಕೊನೆಯಲ್ಲಿ ಅವನ ಕಾಲು ನಿಧಾನವಾಯಿತು, ಯಾರಾದರೂ ಕರೆಯಲಿ ಎಂದು ಕಾದ ಹಾಗೆ. ನಾನು ಕರೆಯಲಿಲ್ಲ. ಅವನು ಬೀಳದೆ ಹೋದ.