ಎದುರಿಗೆ ಕೂತಿದ್ದವಳು

ದೆವ್ವ, ಭೂತ, ಗಾಳಿ ಸೋಕುವುದು ಇಂಥ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದವನು. ಈಗಲೂ ನನ್ನ ಬುದ್ಧಿ ಅದನ್ನು ಪೂರ್ತಿ ಒಪ್ಪಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಅಳೆಯುವುದು. ಯಂತ್ರದಿಂದ ಇಳಿದ ಬಿಡಿಭಾಗಗಳು ನನ್ನ ಮೇಜಿಗೆ ಬರುತ್ತವೆ. ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದರೂ ಪಕ್ಕಕ್ಕಿಡುತ್ತೇನೆ. ಪ್ರೆಸ್ ವಿಭಾಗದಲ್ಲಿ ಹಿಂದೆಂದೋ ಸತ್ತವನೊಬ್ಬ ಎರಡನೇ ಪಾಳಿಯಲ್ಲಿ ಓಡಾಡುತ್ತಾನೆ ಎಂದು ಜೊತೆಯವರು ಹೇಳಿದಾಗ, "ಹಾಗಾದ್ರೆ ಅವನಿಗೂ ಒಂದು ಐಡಿ ಕಾರ್ಡ್ ಮಾಡ್ಸಿ ಗುರು" ಎಂದು ನಕ್ಕಿದ್ದೆ. ಆ ನಗು ನೆನಪಾದರೆ ಈಗ ನಾಚಿಕೆಯಾಗುತ್ತದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆರು ವರ್ಷದ ಹಿಂದಿನ ಮಾತು. ನಾನು ಮತ್ತು ನನ್ನ ಹೆಂಡತಿ ಶಶಿಕಲಾ ಲಗ್ಗೆರೆಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ. ಮಕ್ಕಳಿಲ್ಲ. ಶಶಿ ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಮಾತು ಜಾಸ್ತಿ, ನಗುವೂ ಜಾಸ್ತಿ. ಅದರ ಹಿಂದಿನ ವರ್ಷ ನವೆಂಬರಿನಲ್ಲಿ ಅವಳ ತಾಯಿ ತೀರಿಕೊಂಡರು. ನಮ್ಮಿಬ್ಬರ ಕಾರ್ಖಾನೆಯಲ್ಲೂ ಕೆಲಸದ ಜಾಗಕ್ಕೆ ಫೋನ್ ಒಯ್ಯುವಂತಿಲ್ಲ. ಅತ್ತೆಗೆ ಉಸಿರಾಡಲು ಆಗುತ್ತಿಲ್ಲ, ಶಶಿಯನ್ನು ಕರೆದುಕೊಂಡು ಬೇಗ ಮಾಗಡಿಗೆ ಬನ್ನಿ ಎಂದು ನಮ್ಮ ಗೇಟಿನ ಸೆಕ್ಯೂರಿಟಿಯವರ ಕೈಯಲ್ಲಿ ನನಗೆ ಸುದ್ದಿ ಬಂತು. ಮೇಜಿನ ಮೇಲೆ ಅರ್ಧ ಮುಗಿದ ಮಾಲಿತ್ತು, ಹೊರಗೆ ಲಾರಿ ಕಾಯುತ್ತಿತ್ತು. ಮುಗಿಸಿಯೇ ಹೊರಟೆ. ಒಂದು ಗಂಟೆ ಹಿಡಿಯಿತು. ನಾವು ಮಾಗಡಿ ತಲುಪಿದಾಗ ಅತ್ತೆಯನ್ನು ನಡುಮನೆಯ ನೆಲದ ಮೇಲೆ ಮಲಗಿಸಿದ್ದರು. ಉಸಿರು ನಿಂತು ಅರ್ಧ ಗಂಟೆಯಾಯಿತು ಎಂದು ಯಾರೋ ಹೇಳಿದರು. ಶಶಿ ನನ್ನ ಕಡೆಗೆ ಒಮ್ಮೆ ನೋಡಿದಳು, ಅಷ್ಟೆ.

ಅವಳು ಬಯ್ದಿದ್ದರೆ ಒಳ್ಳೆಯದಿತ್ತು. ಬಯ್ಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಬೇಕಾದಷ್ಟು ಮಾತು ಮಾತ್ರ ಉಳಿಯಿತು. ಊಟಕ್ಕೆ ಬನ್ನಿ, ಗ್ಯಾಸ್ ಮುಗೀತು, ನಾಳೆ ನೀರು ಬರಲ್ವಂತೆ. ಎಂಟು ತಿಂಗಳು ಹೀಗೇ ಕಳೆಯಿತು. ಕೆಳಗಿನ ಮನೆಯ ಹನುಮಕ್ಕನವರು ನಮ್ಮ ಓನರ್, ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯವರು. ಒಂದು ದಿನ ಮೆಟ್ಟಿಲ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದರು. "ಏನಪ್ಪಾ, ಒಂದೇ ಮನೇಲಿ ಇಬ್ರು ಬೇರೆಬೇರೆ ಬಾಡಿಗೆಗೆ ಇರೋರಂಗೆ ಇದ್ದೀರಲ್ಲ. ಇಂಗಾದ್ರೆ ಎಂಗೆ? ಆ ಉಡುಗೀನ ಎಲ್ಲಾದ್ರೂ ಕರ್ಕೊಂಡ್ ಓಗು. ಸಮುದ್ರ ನೋಡಿಲ್ಲ ಅಂತಿದ್ಲು."

ಜುಲೈನಲ್ಲಿ ನಮ್ಮ ಕಾರ್ಖಾನೆಯ ಕೆಲವು ಯಂತ್ರಗಳನ್ನು ಮಾದನಾಯಕನಹಳ್ಳಿಯ ಹೊಸ ಶೆಡ್ಡಿಗೆ ಸಾಗಿಸುವುದಿತ್ತು. ನನಗೆ ಐದು ದಿನ ರಜೆ ಸಿಕ್ಕಿತು. ಸಮುದ್ರಕ್ಕೆ ಹೋಗೋಣವೇ ಎಂದು ಕೇಳಿದೆ. "ನಿಮ್ಗೆ ಹೇಗನ್ಸುತ್ತೋ ಹಾಗೆ" ಎಂದಳು. ಗೊರಗುಂಟೆಪಾಳ್ಯದಲ್ಲಿ ಬಸ್ಸು ಹತ್ತಿ ಉತ್ತರ ಕನ್ನಡದ ಕರಾವಳಿಗೆ ಇಳಿದೆವು.

ಆ ಕಡೆ ಚಳಿಯೇ ಇಲ್ಲ ಎನ್ನುತ್ತಾರೆ. ಮೂರು ದಿನ ಬಿಡದೆ ನೆನೆದವರಿಗೆ ಗೊತ್ತು ಇದೆಯೋ ಇಲ್ಲವೋ. ಲಾಡ್ಜಿನ ಕೋಣೆಯಲ್ಲಿ ಒಣಹಾಕಿದ ಬಟ್ಟೆ ಮಾರನೆಯ ಬೆಳಿಗ್ಗೆಯೂ ಹಸಿಯಾಗಿಯೇ ಇರುತ್ತಿತ್ತು. ಅದನ್ನೇ ಹಾಕಿಕೊಂಡು ನಡುಗುತ್ತ ಹೊರಡುತ್ತಿದ್ದೆವು. ದೇವಸ್ಥಾನ ನೋಡಿದೆವು, ಹೊಳೆ ಸಮುದ್ರಕ್ಕೆ ಸೇರುವ ಕಡೆಯ ಉದ್ದ ಸೇತುವೆ ನೋಡಿದೆವು. ಎಲ್ಲವೂ ಮಳೆಯ ಹಿಂದೆ ಮಸುಕಾಗಿದ್ದವು. ಶಶಿ ಬಸ್ಸಿನ ಕಿಟಕಿಯ ಗಾಜಿಗೆ ಹಣೆಯಿಟ್ಟು ಕೂರುತ್ತಿದ್ದಳು. ಕೇಳಿದರೆ "ಚೆನ್ನಾಗಿದೆ" ಎನ್ನುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಒಂದು ಸಣ್ಣ ಮೀನುಗಾರರ ಊರಿಗೆ ಹೋದೆವು. ಅದರ ಹೆಸರು ಇಲ್ಲಿ ಬೇಡ. ಊರಿನ ತುದಿಯಲ್ಲಿ ಕಪ್ಪು ಬಂಡೆಗಳು ಸಮುದ್ರದೊಳಕ್ಕೆ ಚಾಚಿಕೊಂಡಿವೆ, ನೋಡಲು ಚೆಂದ ಎಂದು ಲಾಡ್ಜಿನವರು ಹೇಳಿದ್ದರು. ಆಟೋದವನು ರಸ್ತೆ ಮುಗಿಯುವಲ್ಲಿ ಇಳಿಸಿ ಹೊರಟುಹೋದ. ಮಳೆಗಾಲವಾದ್ದರಿಂದ ದೋಣಿಗಳನ್ನೆಲ್ಲ ಮೇಲಕ್ಕೆಳೆದು ಮುಚ್ಚಿದ್ದರು. ಒಂದು ಚಹಾದಂಗಡಿ ಮಾತ್ರ ತೆರೆದಿತ್ತು. ಮುಂದುಗಡೆ ನೀಲಿ ಟಾರ್ಪಾಲು, ಒಳಗೆ ಎರಡು ಬೆಂಚು, ಒಂದು ಮೇಜು. ಅಂಗಡಿಯಾಕೆಯ ಹೆಸರು ಮಾದೇವಿ ಎಂದು ನನಗೆ ಆಮೇಲೆ ತಿಳಿಯಿತು. ಐವತ್ತರ ಹತ್ತಿರದ ಗಟ್ಟಿಮುಟ್ಟಾದ ಹೆಂಗಸು.

ಶಶಿ ಬಂಡೆಯ ಕಡೆ ಹೋಗಬೇಕೆಂದಳು. ಇಂಥ ಮಳೆಯಲ್ಲಿ ಬೇಡ ಎಂದೆ.

"ನೀವಿಲ್ಲೇ ಇರಿ. ಐದು ನಿಮಿಷ, ನೋಡ್ಕೊಂಡು ಬಂದ್ಬಿಡ್ತೀನಿ" ಎಂದು ಕೊಡೆ ಬಿಚ್ಚಿಕೊಂಡು ಹೊರಟಳು. ಮೈಮೇಲೆ ಮರೂನ್ ಸ್ವೆಟರ್ ಇತ್ತು. ನಾನು ಹಿಂದೆ ಹೋಗಬಹುದಿತ್ತು. ಅವಳ ಮೌನದಿಂದ ನನಗೂ ಸುಸ್ತಾಗಿತ್ತು. ಒಳಗೆ ಹೋಗಿ ಕೂತೆ.

ಐದಾರು ನಿಮಿಷಕ್ಕೆ ಅವಳು ಬಂದಳು. ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ಕೊಡೆ ಇರಲಿಲ್ಲ. ಕೇಳಿದ್ದಕ್ಕೆ "ಗಾಳಿಗೆ ಹೋಯ್ತು" ಎಂದಳು. "ಅಯ್ಯೋ, ಎಷ್ಟು ಚಂಡಿ ಆಗಿದ್ರಿ! ಮೊದ್ಲು ತಲೆ ಒರೆಸ್ಕೊಳ್ಳಿ" ಎಂದು ಮಾದೇವಿ ಒಂದು ಟವೆಲ್ ತಂದುಕೊಟ್ಟರು. ತಲೆ ಒರೆಸಿಕೊಂಡು ಮೇಜಿನ ಆಚೆ ಬದಿ ನನ್ನ ಎದುರಿಗೆ ಕೂತಳು. ಮಾದೇವಿ ಎರಡು ಗ್ಲಾಸ್ ಚಹಾ ತಂದಿಟ್ಟರು. ಅವಳು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕುಡಿದಳೋ ಇಲ್ಲವೋ ನಾನು ನೋಡಲಿಲ್ಲ. ಯಾಕೆಂದರೆ ಅವಳು ಮಾತಾಡತೊಡಗಿದ್ದಳು.

ಎಂಟು ತಿಂಗಳ ಮೇಲೆ ನನ್ನ ಹೆಂಡತಿ ನನ್ನೊಡನೆ ಮಾತಾಡಿದಳು. ಮದುವೆಯಾದ ಹೊಸತರಲ್ಲಿ ನಾವಿದ್ದ ಶೀಟಿನ ಮನೆಯನ್ನು ನೆನಪಿಸಿದಳು. ಮೊದಲ ಮಳೆಗೆ ಹದಿನಾರು ಕಡೆ ಸೋರಿ, ಇದ್ದ ಪಾತ್ರೆಯೆಲ್ಲ ನೆಲದ ಮೇಲಿಟ್ಟು, ಅಡುಗೆಗೆ ಪಾತ್ರೆಯಿಲ್ಲದೆ ಬನ್ನು ತಿಂದು ಮಲಗಿದ್ದೆವು. ಅದನ್ನು ಹೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅದು ಅವಳದೇ ನಗು. ಅವಳ ಅಮ್ಮನ ವಿಷಯದಲ್ಲಿ ನಾನು ಮಾಡಿದ್ದು ತಪ್ಪು ಎಂದೆ. ಅಷ್ಟು ದಿನ ಆ ಮಾತನ್ನು ನಾನು ಬಾಯಿಬಿಟ್ಟು ಆಡಿರಲಿಲ್ಲ.

"ಬಿಡ್ರೀ. ನೀವು ಬೇಕೂಂತ ಮಾಡಿದ್ದಲ್ಲ, ನಂಗೊತ್ತು" ಎಂದು ನನ್ನ ಕೈಮೇಲೆ ಕೈಯಿಟ್ಟಳು. ಕೈ ತುಂಬ ತಣ್ಣಗಿತ್ತು. ನೆನೆದು ಬಂದವಳ ಕೈ ತಣ್ಣಗಿರದೆ ಇನ್ನೇನು ಎಂದುಕೊಂಡೆ.

ಆಗ ನನ್ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ತೆಗೆದು ನೋಡಿದರೆ ಶಶಿಯ ಹೆಸರು. ನನಗೆ ನಗು ಬಂತು. ಪರದೆಯನ್ನು ಅವಳ ಕಡೆ ತಿರುಗಿಸಿ, "ನಿನ್ನ ಫೋನು ಜೇಬಲ್ಲಿ ಒತ್ತಿಕೊಂಡಿದೆ ನೋಡು" ಎಂದೆ.

ಅವಳು ಫೋನ್ ನೋಡಲಿಲ್ಲ. ನನ್ನನ್ನೇ ನೋಡುತ್ತ, "ಎತ್ತಬೇಡಿ. ಮಾತಾಡ್ತಾ ಇದ್ದೀವಲ್ಲ" ಎಂದಳು.

ನಾನು ಎತ್ತಲಿಲ್ಲ. ಅದು ಬಡಿದುಕೊಂಡು ಸುಮ್ಮನಾಯಿತು. ಒಂದು ನಿಮಿಷಕ್ಕೆ ಮತ್ತೆ ಬಡಿಯಿತು. ಅವಳು ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಆಗಲೂ ಎತ್ತಲಿಲ್ಲ. ಮೂರನೆಯ ಸಲ ಬಡಿದಾಗ ಮಾದೇವಿಯೇ ಒಲೆಯ ಹತ್ತಿರದಿಂದ, "ಎತ್ತಿ ಮಾರಾಯ್ರೆ, ಅರ್ಜೆಂಟ್ ಇರ್ಬೇಕು" ಎಂದರು. ಎತ್ತಿದೆ.

ಮೊದಲು ನೀರಿನ ಅಬ್ಬರ. ಅದರ ನಡುವೆ ಶಶಿಯ ದನಿ. "ರೀ, ಎಲ್ಲಿದ್ದೀರಾ? ಕಾಲು ಬಂಡೆ ಸಂದೀಲಿ ಸಿಕ್ಕಾಕೊಂಡಿದೆ. ಬರ್ತಾ ಇಲ್ಲ. ನೀರು ಮೇಲಕ್ಕೆ ಬರ್ತಿದೆ ರೀ, ಬೇಗ ಬನ್ನಿ."

ತಲೆಯೆತ್ತಿದೆ. ಅವಳು ಎದುರಿಗೇ ಕೂತಿದ್ದಳು. ಅದೇ ಸ್ವೆಟರ್, ಹೆಗಲ ಮೇಲೆ ಟವೆಲ್. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಸ್ಸು ಹೊರಟ ಮೇಲೆ ನಿಲ್ದಾಣದಲ್ಲಿ ಉಳಿದವರು ನೋಡುವ ಹಾಗೆ ನೋಡುತ್ತಿದ್ದಳು. ಹೇಗೆ ಕೈ ಬಿಡಿಸಿಕೊಂಡೆನೋ ತಿಳಿಯದು. ಬೆಂಚು ಉರುಳಿತು. ಕಿರುಚುತ್ತ ಹೊರಗೆ ಓಡಿದೆ. ಹಿಂದೆ ತಿರುಗಿ ನೋಡಲಿಲ್ಲ.

ನಾನು ತಲುಪಿದಾಗ ನೀರು ಶಶಿಯ ಎದೆಯವರೆಗೆ ಬಂದಿತ್ತು. ಅಲೆ ಬಂದಾಗಲೆಲ್ಲ ತಲೆ ಮುಳುಗುತ್ತಿತ್ತು. ಫೋನ್ ಹಿಡಿದ ಕೈ ಮಾತ್ರ ಮೇಲಿತ್ತು. ನಾನು ಇಳಿದು ಅವಳನ್ನು ಎತ್ತಿ ಹಿಡಿದೆ. ಕಾಲು ಅಲುಗಲಿಲ್ಲ. ನನ್ನ ಕಿರುಚಾಟ ಕೇಳಿ ಮಾದೇವಿ, ದೋಣಿ ಶೆಡ್ಡಿನಲ್ಲಿ ಬಲೆ ಹೊಲಿಯುತ್ತಿದ್ದ ಇಬ್ಬರನ್ನು ಕರೆತಂದರು. ಅವರು ಕಬ್ಬಿಣದ ಹಾರೆ ಹಾಕಿ ಕಲ್ಲು ಮೀಟಿದರು. ಕಾಲು ಹೊರಬಂದಾಗ ಪಾದ ಇರಬೇಕಾದ ಕಡೆಗೆ ಇರಲಿಲ್ಲ. ಮಾದೇವಿ ಶಶಿಯ ತೋಳು ಹಿಡಿದು ಮೇಲಕ್ಕೆಳೆದವರು ಅವಳ ಮುಖ ಕಂಡೊಡನೆ ಕೈಬಿಟ್ಟು ಹಿಂದೆ ಸರಿದರು.

ಆಸ್ಪತ್ರೆಗೆ ಹೋಗಲು ಜೀಪು ಬಂತು. ಆ ಇಬ್ಬರಲ್ಲಿ ಹಿರಿಯವನು ನನಗೆ ಬಯ್ದ. "ಎಂತ ಜನ ನೀವು? ಹೆಂಡ್ತಿನ ಇಂಥಾ ಉಬ್ಬರದಲ್ಲಿ ಬಿಟ್ಟು ಚಾ ಕುಡೀತಾ ಕೂತಿದ್ರಾ?"

ಮಾದೇವಿ ದೂರದಿಂದಲೇ ಹೇಳಿದರು. "ಇವರದ್ದು ತಪ್ಪಲ್ಲ. ಇವರ ಹೆಂಡ್ತಿ ಇವರ ಎದುರಿಗೇ ಕೂತಿದ್ರು. ನಾನೇ ಟವೆಲ್ ಕೊಟ್ಟೆ. ಇಬ್ರೂ ಕೈ ಹಿಡ್ಕೊಂಡು ಮಾತಾಡ್ತಾ ಇದ್ರು."

ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ ಶಶಿ ಕಣ್ಣು ತೆರೆದಳು.

ಎರಡು ಆಪರೇಷನ್ ಆದವು. ಕಾಲು ಉಳಿಯಿತು, ಪಾದ ಬಾಗುವುದಿಲ್ಲ. ಪೆಡಲ್ ಒತ್ತಲಾಗದವಳಿಗೆ ಗಾರ್ಮೆಂಟ್ಸಿನಲ್ಲಿ ಕೆಲಸವಿಲ್ಲ. ಈಗ ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಆಸ್ಪತ್ರೆಯಲ್ಲಿದ್ದಾಗ ಒಮ್ಮೆ ಆವತ್ತಿನದನ್ನು ಹೇಳಿದಳು. ಹೋದ ಎರಡೇ ನಿಮಿಷಕ್ಕೆ ಕೊಡೆ ಗಾಳಿಗೆ ಹಾರಿತಂತೆ. ಹಿಡಿಯಲು ಹೋಗಿ ಜಾರಿದಳಂತೆ. ಕೂಗಿ ಕೂಗಿ ದನಿ ಸತ್ತ ಮೇಲೆ, ಸ್ವೆಟರಿನ ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಫೋನ್ ಹೇಗೋ ತೆಗೆದಳಂತೆ. ಆಮೇಲೆ ಕೇಳಿದಳು. "ಮೂರು ಸಲ ಮಾಡ್ದೆ. ಎರಡು ಸಲ ಯಾಕೆ ಎತ್ತಲಿಲ್ಲ? ಆ ಹೆಂಗಸು ಯಾರು?"

ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಕೊನೆಯವರೆಗೆ ಕೇಳಿಸಿಕೊಂಡಳು. "ನನ್ನ ಥರಾನೇ ಇದ್ದಳಾ?" ಎಂದಳು. ಹೌದು ಎಂದೆ. ಗೋಡೆಯ ಕಡೆ ತಿರುಗಿಕೊಂಡಳು.

ಒಂದು ತಿಂಗಳ ಮೇಲೆ ನಾನೊಬ್ಬನೇ ಆ ಊರಿಗೆ ಹೋದೆ. ನನಗೆ ಬುದ್ಧಿ ಕೆಟ್ಟಿಲ್ಲ ಎಂದು ಯಾರಾದರೂ ಹೇಳಬೇಕಿತ್ತು. ಮಾದೇವಿ ನನ್ನನ್ನು ಅಂಗಡಿಯ ಒಳಗೆ ಕರೆಯಲಿಲ್ಲ. ಟಾರ್ಪಾಲಿನ ಅಂಚಿನಲ್ಲಿ ನಿಂತೇ ಮಾತಾಡಿದರು. "ಅದೇ ಮುಖ. ನೀವು ಓಡಿದ ಮೇಲೆ ಅವರೂ ಎದ್ದು ನಿಮ್ಮ ಹಿಂದೇ ಬಂದ್ರು. ನಾನು ಹೊರಗೆ ಬಂದು ನೋಡಿದ್ರೆ ದಾರೀಲಿ ನೀವು ಒಬ್ರೇ ಇದ್ರಿ. ಟವೆಲ್ ಬೆಂಚಿನ ಮೇಲಿತ್ತು, ಹಿಂಡಿದ್ರೆ ನೀರು ಇಳೀತಿತ್ತು. ಅದನ್ನ ಸಮುದ್ರಕ್ಕೆ ಬಿಟ್ಟೆ. ಇನ್ನು ಇದನ್ನ ಕೇಳ್ಕೊಂಡು ಬರ್ಬೇಡಿ ಅಣ್ಣ." ಹಿಂದೆ ಎಂದಾದರೂ ಅಲ್ಲಿ ಹೀಗೆ ಆಗಿತ್ತೇ ಎಂದು ಕೇಳಿದೆ. ಇಲ್ಲ ಎಂದರು.

ಮನೆಗೆ ಬಂದು ಶಶಿಗೆ ಹೇಳಿದೆ. "ಹಾಗೆ ಹೇಳಿ ಅಂತ ನೀವೇ ಹೇಳ್ಕೊಟ್ಟಿರಬಹುದು" ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಬೇರೆ ಹೋಗುತ್ತೇನೆ ಎನ್ನಲಿಲ್ಲ. ನನಗೆ ಊಟ ಬಡಿಸುತ್ತಾಳೆ, ಜ್ವರ ಬಂದರೆ ಕಷಾಯ ಕಾಸುತ್ತಾಳೆ. ಅವಳ ಜಾಗದಲ್ಲಿ ನಾನಿದ್ದರೆ ಏನು ನಂಬುತ್ತಿದ್ದೆ? ಗಂಡ ಇನ್ನೊಬ್ಬಳ ಕೈ ಹಿಡಿದು ಕೂತಿದ್ದ, ಹೆಂಡತಿಯ ಫೋನ್ ಎತ್ತಲಿಲ್ಲ. ಇದು ಯಾರಿಗಾದರೂ ಅರ್ಥವಾಗುವ ಸಂಗತಿ. ನಾನು ಹೇಳುವುದು ಅರ್ಥವಾಗುವಂಥದ್ದಲ್ಲ, ನನಗೂ ಆಗಿಲ್ಲ. ಆ ರೂಪ ಎಲ್ಲಿಂದ ಬಂತು? ನನ್ನನ್ನು ತಡೆದು ಕೂರಿಸಲು ಬಂದದ್ದೇ? ಹಾಗಿದ್ದರೆ ಅಷ್ಟು ಒಳ್ಳೆಯ ಮಾತು ಯಾಕೆ ಆಡಿತು? ಶೀಟಿನ ಮನೆಯಲ್ಲಿ ನಾವು ಬನ್ನು ತಿಂದು ಮಲಗಿದ್ದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಹೋದ ತಿಂಗಳು ಒಂದು ಭಾನುವಾರ ಶಶಿ ಕಿಟಕಿಯ ಬಳಿ ಕುಚ್ಚು ಕಟ್ಟುತ್ತಿದ್ದಳು. ನಾನು ಪೇಪರ್ ಓದುತ್ತಿದ್ದೆ. ತಲೆಯೆತ್ತದೆ ಕೇಳಿದಳು. "ಅವಳು ನಿಮ್ಮತ್ರ ಚೆನ್ನಾಗಿ ಮಾತಾಡಿದ್ಲಾ?"

"ನೆನಪಿಲ್ಲ ಕಣೇ" ಎಂದೆ.

ಸುಳ್ಳು. ಒಂದೊಂದು ಮಾತೂ ನೆನಪಿದೆ. ಇನ್ನೊಂದೂ ನೆನಪಿದೆ, ಅದನ್ನು ಅವಳಿಗೆ ಹೇಳಿಲ್ಲ. ಎದುರಿಗೆ ಕೂತವಳು ಎತ್ತಬೇಡಿ ಎಂದದ್ದು ನಿಜ. ಆದರೆ ಆ ಎರಡು ಸಲ ಫೋನ್ ಬಡಿದುಕೊಳ್ಳುವಾಗ, ಎತ್ತುವ ಮನಸ್ಸು ನನಗೂ ಇರಲಿಲ್ಲ.