ಗಾಳಿಮರದ ನೆರಳಿನಲ್ಲಿ ಅಳೆದ ಗಾಳಿ

ಯಾರು ಎಲ್ಲಿ ಕುರ್ಚಿ ಹಾಕಿಕೊಳ್ಳುತ್ತಾರೆ ಎಂಬುದನ್ನು ನೋಡಿದರೆ ಅವರ ಸ್ವಭಾವ ಅರ್ಧ ತಿಳಿದ ಹಾಗೆ. ನೀವೂ ಗಮನಿಸಿರಬಹುದು: ಮದುವೆಮನೆಯಲ್ಲಿ ಕೆಲವರು ಫ್ಯಾನಿನ ಕೆಳಗೆ ಕೂರುತ್ತಾರೆ, ಕೆಲವರು ಊಟದ ಹಾಲಿನ ಬಾಗಿಲಿಗೆ ಹತ್ತಿರವಾಗಿ, ಇನ್ನು ಕೆಲವರು ಬಂದವರೆಲ್ಲ ತಮ್ಮನ್ನು ಕಂಡೇ ಒಳಗೆ ಹೋಗಬೇಕಾದ ಆಯಕಟ್ಟಿನ ಜಾಗದಲ್ಲಿ. ನಾನು ನೆರಳು ನೋಡಿ ಕೂರುವವಳು. ಒಮ್ಮೆ ಕೂತ ಜಾಗ ಸರಿಯೆನಿಸಿತೆಂದರೆ ಮರುದಿನವೂ ಅಲ್ಲೇ, ಅದೇ ಹೊತ್ತಿಗೆ, ಅದೇ ದಿಕ್ಕಿಗೆ ಮುಖ ಮಾಡಿ.

ಈ ಅಭ್ಯಾಸ ವೃತ್ತಿಯಿಂದ ಬಂದದ್ದು. ಮುಂಬೈಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನರ್ಸ್ ಆಗಿದ್ದವಳು ನಾನು. ನಾಲ್ಕು ಗಂಟೆಗೊಮ್ಮೆ ಜ್ವರ ನೋಡುವುದು, ನೋಡಿದ್ದನ್ನು ಅಲ್ಲೇ ಬರೆಯುವುದು, ಬರೆದದ್ದರ ಕೆಳಗೆ ಸಹಿ ಹಾಕುವುದು: ನನ್ನ ಧರ್ಮಶಾಸ್ತ್ರ ಇಷ್ಟೇ. ನಿವೃತ್ತಿಯಾಗಿ ಕುಂದಾಪುರದ ಕೋಡಿಗೆ ಮರಳಿದಾಗ ಊರಿನವರು ಸಿಸ್ಟರ್ ಎಂದರೆ ಮರ್ಯಾದೆ ಸಾಲದು ಅಂದುಕೊಂಡರೋ ಏನೋ, ಹಿಂದೊಂದು ಅಕ್ಕ ಸೇರಿಸಿ ನನ್ನನ್ನು ಸಿಸ್ಟರಕ್ಕ ಮಾಡಿದರು.

ಈ ಬೇಸಗೆಯಲ್ಲಿ ನನಗೊಬ್ಬ ಹೊಸ ರೋಗಿ ಸಿಕ್ಕಿದ. ಗಾಳಿ.

ತಂದು ಒಪ್ಪಿಸಿದವಳು ನನ್ನ ತಮ್ಮನ ಮಗಳು ಮೈತ್ರಿ. ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಮಂಚದ ಹಾಸಿಗೆಗಿಂತ ದೊಡ್ಡದಾದ ಗಾಳಿಪಟದ ದಾರ ಬಿಗಿದುಕೊಂಡು, ಗಾಳಿಯ ಎಳೆತಕ್ಕೆ ಕಡಲ ಮೇಲೆ ಜಾರಿಕೊಂಡು ಹೋಗುವ ಆಟವೊಂದಿದೆಯಲ್ಲ, ಅವಳು ಅದನ್ನು ಗೋವಾದಲ್ಲಿ ನಾಲ್ಕು ವರ್ಷ ಕಲಿಸಿದವಳು. ಅಲ್ಲಿ ಹೊಸ ಪಟ ಬಂದಾಗಲೆಲ್ಲ ಹಾರಿಸಿ ಪರೀಕ್ಷಿಸುವುದು ಗಂಡಸರ ಪಾಲಿಗೆ. ಇವಳದು ಪಟ ಮೇಲೇಳುವವರೆಗೆ ಅದರ ಅಂಚು ಹಿಡಿದು ನಿಲ್ಲುವ ಕೆಲಸ. ಈ ಸಲ ಪಟ ತಯಾರಿಸುವ ಕಂಪೆನಿಯೊಂದು ಮೊದಲ ಬಾರಿಗೆ ಇವಳ ಹೆಸರಿಗೇ ಮೂರು ಪಟ, ಎರಡು ಹಲಗೆ ಕಳಿಸಿತ್ತು. ಹತ್ತು ದಿನಗಳಲ್ಲಿ ಒಂಬತ್ತು ಸಾಲಿನ ಒಂದು ಹಾಳೆ ತುಂಬಬೇಕು: ದೊಡ್ಡ, ನಡುವಿನ, ಚಿಕ್ಕ ಪಟಗಳು ತಮ್ಮ ತಮ್ಮ ಶಕ್ತಿಗೆ ತಕ್ಕ ಕಡಿಮೆ, ಮಧ್ಯಮ ಮತ್ತು ಜೋರು ಗಾಳಿಯಲ್ಲಿ ಹೇಗೆ ನಡೆದುಕೊಂಡವು ಎಂದು. ಅದೂ ಒಂದೇ ಕಡಲತೀರದಲ್ಲಿ ಮಾಡಿದರೆ ಸಾಲದು. ವರದಿ ಒಪ್ಪಿಗೆಯಾದರೆ ಈ ಕರಾವಳಿಗೆ ಅವಳೇ ಕಂಪೆನಿಯ ಪರೀಕ್ಷಕಿ. ಇಲ್ಲದಿದ್ದರೆ ಮತ್ತೆ ಗೋವಾಕ್ಕೆ ಹೋಗಿ ಅಂಚು ಹಿಡಿಯುವುದು.

ಅವಳು ನೀರಿನಲ್ಲಿರುವಾಗ ದಡದಲ್ಲಿ ಗಾಳಿಯ ವೇಗ ಅಳೆದು ಬರೆಯಲು ನಂಬಿಕಸ್ಥರು ಬೇಕಿತ್ತು. ಅಂಗೈಯಗಲದ ಗಾಳಿಮಾಪಕ ಕೈಗೆ ಬಂದ ದಿನವೇ ನಾನು ವೇಳಾಪಟ್ಟಿ ಹಾಕಿದೆ. ಸಂಜೆ ನಾಲ್ಕೂವರೆಗೆ ಪರೀಕ್ಷೆ, ಹತ್ತು ನಿಮಿಷಕ್ಕೊಮ್ಮೆ ಮಾಪನ, ಐದೂವರೆಗೆ ಮುಕ್ತಾಯ. ರಕ್ಷಣೆಗೆಂದು ದೋಣಿ ಸಮೇತ ಒಪ್ಪಿಕೊಂಡಿದ್ದ ನಮ್ಮ ಮೀನುಗಾರ ಶೀನ ಅದನ್ನು ಓದಿ ಬಾಯಿ ಮುಚ್ಚಿ ನಕ್ಕ.

"ಹ್ವಾಯ್ ಸಿಸ್ಟರಕ್ಕ, ಗಾಳಿ ಎಂತ ನಿಮ್ಮ್ ವಾರ್ಡಿನ ಪೇಶೆಂಟಾ, ನೀವ್ ಹೇಳ್ದ್ ಹೊತ್ತಿಗೆ ಕೈ ಚಾಚುಕೆ?"

"ಶಿಸ್ತ್ ಕಲ್ಸಿರೆ ಗಾಳಿಯೂ ಕಲಿತ್ತ್. ನೀ ದೋಣಿ ಕಾಣ್" ಎಂದೆ.

ಕೋಡಿಯ ಕಿನಾರೆಯಲ್ಲಿ ಗಾಳಿಮರಗಳ, ಅಂದರೆ ಸರ್ವೆಮರಗಳ, ಒಂದು ತೋಪು ನೀರಿನ ಹತ್ತಿರದವರೆಗೂ ಚಾಚಿಕೊಂಡಿದೆ. ಸಂಜೆ ಅದರ ನೆರಳು ತಂಪಾಗಿ ಮರಳಿನ ಮೇಲೆ ಬೀಳುತ್ತದೆ. ಕುರ್ಚಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆರು ದಿನ ಅಲ್ಲೇ ಕೂತೆ, ಆರು ಸಾಲು ತುಂಬಿದೆ, ಆರು ಸಹಿ ಹಾಕಿದೆ. ಅಕ್ಷರಗಳು ಅಚ್ಚು ಹಾಕಿದಂತಿದ್ದವು.

ಏಳನೆಯ ದಿನ ಬೈಂದೂರಿಗೆ ಹೋದೆವು. ಅಲ್ಲಿ ನಾವು ನಿಂತ ಕಡೆ ಒಂದೂ ಮರವಿಲ್ಲ. ಕುರ್ಚಿ ಕಾದು ಕೂರಲಾಗದೆ, ಕೊಡೆಯೂ ಹಾರಿಹೋಗುವಂತಾಗಿ, ನೀರಿನಂಚಿನಲ್ಲಿ ನಿಂತೇ ಅಳೆದೆ. ಹದಿನೇಳು ನಾಟ್, ಅಂದರೆ ಗಂಟೆಗೆ ಮೂವತ್ತು ಕಿಲೋಮೀಟರಿಗೂ ತುಸು ಹೆಚ್ಚು. ಮೈತ್ರಿ ಹಿಂದಿನ ದಿನದ ನಡುವಿನ ಪಟವನ್ನೇ ಹಾರಿಸಿ ದಡಕ್ಕೆ ಬಂದು, ಕೂದಲಿನಿಂದ ನೀರು ಹಿಂಡುತ್ತಾ ಹೇಳಿದಳು:

"ನಿನ್ನೆದೇ ಗಾಳಿ ಅತ್ತೆ. ಹೆಚ್ಚೂ ಇಲ್ಲೆ, ಕಮ್ಮಿಯೂ ಇಲ್ಲೆ."

ಪುಸ್ತಕ ತಿರುವಿದೆ. ನಿನ್ನೆಯದು ಹನ್ನೊಂದು ಎಂದಿತ್ತು. "ಯಂತ್ರ ಹಾಳಾಯ್ತ್ ಕಾಣತ್ತ್" ಎಂದೆ, ನನ್ನದೇ ಅಕ್ಷರವನ್ನು ಅನುಮಾನಿಸುವುದು ರೂಢಿಯಿಲ್ಲದ್ದರಿಂದ.

ಬೈಂದೂರಿನ ತನ್ನ ಭಾವನ ದೋಣಿ ಕೇಳಿಕೊಂಡು ಅಲ್ಲಿಗೂ ಬಂದಿದ್ದ ಶೀನ ಕಡಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಯಂತ್ರ ಸರಿ ಇತ್ತ್ ಸಿಸ್ಟರಕ್ಕ. ಕುರ್ಚಿ ತಪ್ಪಿತ್ತ್. ನೀವ್ ಮರದ್ ಮರೆಗೆ ಕೂಕಂಡ್ ಗಾಳಿ ಅಳದ್ರಿ."

ಕಿವಿ ಬಿಸಿಯಾಯಿತು. ಹಿಂದೆ ಒಬ್ಬ ಕಲಿಕೆಯ ನರ್ಸು ಬಿಸಿ ಚಹಾ ಕುಡಿದ ರೋಗಿಯ ಬಾಯಿಗೆ ಆಗಲೇ ಥರ್ಮಾಮೀಟರ್ ಇಟ್ಟು, ನೂರಾ ಮೂರು ಎಂದು ಅಂದವಾಗಿ ಬರೆದು ಸಹಿ ಹಾಕಿದ್ದಳು. ಅವಳು ಅಳುವವರೆಗೂ ಬೈದಿದ್ದೆ. ಸಮಯ ಸರಿ, ಉಪಕರಣ ಸರಿ, ಅಕ್ಷರ ಸರಿ. ಇಟ್ಟ ಜಾಗ ಮಾತ್ರ ತಪ್ಪು. ಬೀಸುವ ಗಾಳಿಗೂ ನನಗೂ ನಡುವೆ ಒಂದು ತೋಪನ್ನೇ ನಿಲ್ಲಿಸಿಕೊಂಡು, ನೆರಳು ತಂಪಾಗಿದೆ ಎಂದು ನಾನು ಆರು ದಿನ ಮೆಚ್ಚಿಕೊಂಡಿದ್ದೆ. ಈಗ ನನ್ನನ್ನು ಬೈಯುವ ಹಿರಿಯ ಸಿಸ್ಟರ್ ಯಾರೂ ಇರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಮೈತ್ರಿ ದಾರ ಸುತ್ತತೊಡಗಿದಳು. ಪೂರ್ತಿ ಸುತ್ತಿ ಮುಗಿಸಿ, "ಆರ್ ದಿನ ಹೋಯ್ತಲ್ದಾ ಅತ್ತೆ" ಎಂದಳು, ಅಷ್ಟೇ.

"ಎಲ್ಲದಕ್ಕೂ ಆರ್ ಆರ್ ಸೇರ್ಸಿ ಬರದ್ರೆ ಆತಿಲ್ಯಾ?" ಎಂದ ಶೀನ.

ಆಗುವುದಿಲ್ಲ. ಮರ ಒಂದು ದಿನ ಆರು ತಡೆದರೆ ಇನ್ನೊಂದು ದಿನ ಒಂಬತ್ತು ತಡೆದಿರಬಹುದು. ದೊಡ್ಡ ಪಟ ಎಂಟು ನಾಟಿನಲ್ಲೂ ಎಳೆಯುತ್ತದೆಂದು ನನ್ನ ಅಂಕಿ ನಂಬಿ ಹೋದವರ ಪಟ ನಡುಗಡಲಿನಲ್ಲಿ ನೀರಿಗೆ ಬಿದ್ದರೆ, ಅಲ್ಲಿ ಶೀನನ ದೋಣಿ ಇರುವುದಿಲ್ಲ. ಆರು ಸಾಲಿನ ಮೇಲೂ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಮರದ ಮರೆಯಲ್ಲಿ ಅಳೆದದ್ದು, ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದೆ. ಬೈಂದೂರಿನ ಒಂದು ಸಾಲು ಉಳಿಯಿತು. ಬಾಕಿ ಎಂಟು ಸಾಲು, ಮೂರು ದಿನ.

ನನ್ನ ವೇಳಾಪಟ್ಟಿಯ ಇನ್ನೊಂದು ದೋಷ ಹೊಳೆದದ್ದು ಆಗಲೇ. ನಮ್ಮ ಕಡಲಿನ ಬೇಸಗೆ ಗಾಳಿ ಮಧ್ಯಾಹ್ನ ಮೆಲ್ಲನೆ ಎದ್ದು, ಸಂಜೆಯ ಹೊತ್ತಿಗೆ ಬೆಳೆದು, ಮುಸ್ಸಂಜೆಗೆ ಇಳಿಯುತ್ತದೆ. ನಾಲ್ಕೂವರೆಗೇ ಹೋಗುವವಳಿಗೆ ಅದರ ಒಂದೇ ಮುಖ ಕಾಣುವುದು. ಹನ್ನೆರಡಕ್ಕೇ ಹೋಗಿ ನಿಂತರೆ ಎಲ್ಲ ಗಾಳಿಯೂ ಸಾಲಾಗಿ ತಾನೇ ಬರುತ್ತದೆ. ಹಾಗೆಯೇ ಮಾಡಿದೆವು. ಏಳುವ ಗಾಳಿಗೆ ದೊಡ್ಡ ಪಟ, ಅಗಲದ ಹಲಗೆ. ಬಲಿತಂತೆಲ್ಲ ಚಿಕ್ಕ ಪಟ, ಕಿರಿದಾದ ಹಲಗೆ. ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೊಣಕಾಲು ನೀರಿನಲ್ಲಿ ಕೈ ಮೇಲೆತ್ತಿ ನಿಂತೆ. ಎರಡು ದಿನದಲ್ಲಿ ಆರು ಸಾಲು ಮುಗಿದವು. ನನ್ನ ಮೂಗಿನ ಚರ್ಮ ಸುಲಿದು ಬಂತು.

ಹತ್ತನೆಯ ದಿನ ಬ್ರಹ್ಮಾವರದ ಕಡೆ ಕೋಡಿಬೆಂಗ್ರೆಯಲ್ಲಿದ್ದೆವು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಗಾಳಿ ಜೋರೆಂದು ಶೀನನ ಸಲಹೆ. ಮೂರು ಗಂಟೆಗೆ ಎಂಟನೆಯ ಸಾಲು ಮುಗಿಯಿತು. ಉಳಿದದ್ದು ಒಂದೇ: ಚಿಕ್ಕ ಪಟಕ್ಕೆ ಇಪ್ಪತ್ತೈದು ನಾಟ್. ಗಾಳಿ ಇಪ್ಪತ್ತೊಂದಾಯಿತು, ಇಪ್ಪತ್ತೆರಡಾಯಿತು. ಇಪ್ಪತ್ತಮೂರಕ್ಕೆ ಬಂದು, ಮೆಟ್ಟಿಲು ಹತ್ತಿ ದಣಿದ ಮುದುಕಿಯಂತೆ ಅಲ್ಲೇ ನಿಂತಿತು.

"ಇಪ್ಪತ್ತೈದ್ ಬಂತಾ ಅತ್ತೇ?" ಎಂದು ಮೈತ್ರಿ ನೀರಿನಿಂದ ಕೂಗಿದಳು. ಹೂಂ ಎಂದರೆ ಮುಗಿಯುತ್ತಿತ್ತು. ಎರಡು ನಾಟ್ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತಿತ್ತು? ಅವಳ ತುಟಿ ಉಪ್ಪಿಗೆ ಬಿರಿದಿತ್ತು.

"ಇಲ್ಲೆ!" ಎಂದು ಕೂಗಿದೆ.

ಅವಳು ಹಲ್ಲು ಕಚ್ಚಿ ಮತ್ತೊಂದು ಸುತ್ತು ಹೋದಳು. ಮತ್ತೆ ಕೇಳಿದಳು, ಮತ್ತೆ ಇಲ್ಲೆ ಎಂದೆ. ಬೆಳಕು ಇಳಿಯುವ ಹೊತ್ತಿಗೆ ತಾನೇ ದಡಕ್ಕೆ ಬಂದು, ಒದ್ದೆ ಕೈಯಲ್ಲೇ ಪೆನ್ನು ತೆಗೆದುಕೊಂಡು ಒಂಬತ್ತನೆಯ ಸಾಲಿನಲ್ಲಿ ಬರೆದಳು: 'ಗಾಳಿ ಇಪ್ಪತ್ತಮೂರೇ ಬಂತು. ಪರೀಕ್ಷೆ ಆಗಿಲ್ಲ.' ಕೆಂಪು ಗೆರೆಗಳ ಹಾಳೆಯನ್ನೂ ಸೇರಿಸಿ ಕಳಿಸಿದೆವು.

ವಾರದ ಮೇಲೆ ಉತ್ತರ ಬಂತು. ಹೌದೂ ಅಲ್ಲ, ಅಲ್ಲವೂ ಅಲ್ಲ. ಎರಡು ಪಟ ಮತ್ತು ಅಗಲದ ಹಲಗೆ ಹಿಂದಕ್ಕೆ ಕಳಿಸಬೇಕಂತೆ. ಚಿಕ್ಕ ಪಟ ಮತ್ತು ಅದರ ಹಲಗೆ, ಒಂಬತ್ತನೆಯ ಸಾಲು ತುಂಬುವವರೆಗೂ ಮೈತ್ರಿಯ ಹತ್ತಿರವೇ ಇರಲಿಯಂತೆ. ಉಳಿದ ಮಾತು ಆಮೇಲೆ. ಮಳೆಗಾಲದ ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ನಮಗಿರುವುದು ಈ ಬೇಸಗೆಯ ಉಳಿದ ದಿನಗಳು ಮಾತ್ರ. ಆಗಲೇ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಬರಿಗೈಯಲ್ಲಿ ಬಂದಿದ್ದೇವೆ.

ಇಷ್ಟು ಬರೆದು ಮಧ್ಯಾಹ್ನದ ಊಟಕ್ಕೆ ಕೂತಿದ್ದೆ, ಗೇಟಿನ ಹೊರಗೆ ಹಾರ್ನ್ ಕೇಳಿಸಿತು. ಮೈತ್ರಿ.

"ಬೇಗ ಬನ್ನಿ ಅತ್ತೆ! ಶೀನಣ್ಣ ಫೋನ್ ಮಾಡ್ದ, ಅಳಿವಿ ಬಾಯಗೆ ಗಾಳಿಗೆ ನೀರ್ ಹಾರುಕೆ ಶುರು ಆಯ್ತಂಬ್ರ್!"

ಬಡಿಸಿಕೊಂಡ ಅನ್ನವನ್ನು ತಟ್ಟೆ ಸಮೇತ ಮುಚ್ಚಿಟ್ಟು, ಮಾಪಕವನ್ನು ಸೆರಗಿಗೆ ಕಟ್ಟಿಕೊಂಡು ಎದ್ದಿದ್ದೇನೆ. ಇಪ್ಪತ್ತನಾಲ್ಕೂವರೆ ಬಂದರೂ ಇಲ್ಲೆ ಎಂದೇ ಹೇಳುವವಳು ನಾನು. ಅದು ಗೊತ್ತಿದ್ದೇ ಅವಳು ನನ್ನನ್ನು ಕರೆಯಲು ಬಂದಿದ್ದಾಳೆ.